ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ: ಜೀನಿನ ಪಾಲೆಷ್ಟು, ಹಾರ್ಮೋನಿನ ಪಾಲೆಷ್ಟು, ಮೆದುಳಿಗೆ ಗಡುವು ಎಷ್ಟು ದಿನ?

ಪಿಯು ಮೇಷ್ಟ್ರು:

ಹಾರ್ಮೋನುಗಳ ಪಾಠ ಪ್ರಥಮ ಪಿಯುನಲ್ಲಿ, ವಂಶವಾಹಿಗಳ ಪಾಠ ದ್ವಿತೀಯ ಪಿಯುನಲ್ಲಿ. ನಡುವೆ ಒಂದು ಬೇಸಿಗೆ ರಜೆ. ಜೀನು, ಹಾರ್ಮೋನು, ಮೆದುಳು ಮೂರೂ ಬೇರೆ ಬೇರೆ ಊರಿನವು ಅಂತ ವಿದ್ಯಾರ್ಥಿಗಳ ತಲೆಯಲ್ಲಿ ಕೂತುಬಿಡುತ್ತದೆ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಲು ಹುಟ್ಟು ಥೈರಾಯ್ಡ್ ಕೊರತೆ ಒಳ್ಳೆಯ ಉದಾಹರಣೆ ಅನ್ನಿಸಿದೆ. ಪಠ್ಯದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೋ ಎರಡೋ ಸಾಲು. ಬಲ್ಲವರು ಇವನ್ನು ಬಿಡಿಸಿ ಹೇಳಿ:

ದೊಡ್ಡವರಿಗೆ ಥೈರಾಯ್ಡ್ ಕಡಿಮೆಯಾದರೆ ಮಾತ್ರೆ ಶುರು ಮಾಡಿದ ಕೆಲವು ತಿಂಗಳಲ್ಲಿ ಮಂಕು, ಮರೆವು ಎಲ್ಲ ಸರಿಹೋಗುತ್ತದೆ. ಅದೇ ಕೊರತೆ ಹಸುಗೂಸಿಗೆ ಬಂದು ಚಿಕಿತ್ಸೆ ತಡವಾದರೆ ಬುದ್ಧಿಯ ನಷ್ಟ ಮರಳಿ ತುಂಬುವುದಿಲ್ಲ. ಯಾಕೆ? ಹುಟ್ಟಿದಾಗ ಈ ಮಕ್ಕಳು ಆರೋಗ್ಯವಾಗಿಯೇ ಕಾಣುವುದೇಕೆ? ಈ ಕೊರತೆ ಹಿಡಿಯಲು ಕೂಸಿನ ಹಿಮ್ಮಡಿ ಚುಚ್ಚಿ ಮಾಡುವ ರಕ್ತಪರೀಕ್ಷೆಯನ್ನು ಹುಟ್ಟಿದ ದಿನವೇ ಮಾಡಬಾರದು ಅನ್ನುವುದು ಯಾಕೆ? ಕೊನೆಯದಾಗಿ, ಇದು ವಂಶವಾಹಿ ಕಾಯಿಲೆಯೇ ಅಲ್ಲವೇ?

ಹಾರ್ಮೋನು ಓಪಿಡಿ:

ಮೇಷ್ಟ್ರೇ, ಮೊದಲ ಪ್ರಶ್ನೆಗೆ ಉತ್ತರ ಒಂದು ವ್ಯತ್ಯಾಸದಲ್ಲಿದೆ. ದೊಡ್ಡವರ ಮೆದುಳು ಕಟ್ಟಿ ಮುಗಿದ ಮನೆ, ಥೈರಾಯ್ಡ್ ಹಾರ್ಮೋನು ಅಲ್ಲಿ ಕರೆಂಟಿನ ಹಾಗೆ. ಹೋದರೆ ಕತ್ತಲೆ, ಬಂದರೆ ಬೆಳಕು. ಕೂಸಿನ ಮೆದುಳು ಇನ್ನೂ ಗೋಡೆ ಏಳುತ್ತಿರುವ ಮನೆ. ಅಲ್ಲಿ ಇದೇ ಹಾರ್ಮೋನು ಮೇಸ್ತ್ರಿಯ ಕೆಲಸ ಮಾಡುತ್ತದೆ.

ಹೇಗೆ ಅಂತ ಕೇಳಿ. ಗ್ರಂಥಿಯಿಂದ ಹೊರಡುವುದು ಬಹುಪಾಲು ಟಿ4, ಅಂದರೆ ನಾಲ್ಕು ಅಯೋಡಿನ್ ಪರಮಾಣು ಇರುವ ಹಾರ್ಮೋನು. ಅದು ರಕ್ತದಿಂದ ಮೆದುಳಿಗೆ ದಾಟಲು ಪೊರೆಯಲ್ಲಿ ಎಂಸಿಟಿ8 ಎಂಬ ಸಾಗಣೆ ಪ್ರೋಟೀನ್ ಬೇಕು. ಒಳಗೆ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳು ಡಿ2 ಕಿಣ್ವದಿಂದ ಒಂದು ಅಯೋಡಿನ್ ಪರಮಾಣುವನ್ನು ಕಿತ್ತು ಟಿ4 ಅನ್ನು ಟಿ3 ಮಾಡುತ್ತವೆ. ಆ ಟಿ3 ಪಕ್ಕದ ನರಕೋಶದ ಬೀಜಕೇಂದ್ರಕ್ಕೆ ಹೋಗಿ, ಗ್ರಾಹಕ ಪ್ರೋಟೀನಿಗೆ ಅಂಟುತ್ತದೆ. ಆ ಗ್ರಾಹಕ ಕೂತಿರುವುದು ನೇರವಾಗಿ ಡಿಎನ್‌ಎ ಮೇಲೆ. ಟಿ3 ಇಲ್ಲದಾಗ ಅದು ಕೆಲವು ಜೀನುಗಳನ್ನು ಅದುಮಿ ಹಿಡಿದಿರುತ್ತದೆ. ಟಿ3 ಬಂದು ಕೂತಾಗ ಹಿಡಿತ ಬಿಟ್ಟು ಅವನ್ನು ಓದಿಸುತ್ತದೆ. ಅಂದರೆ ಜೀನು ಹಾರ್ಮೋನನ್ನು ಮಾಡಿಸುತ್ತದೆ, ಹಾರ್ಮೋನು ಮತ್ತೆ ಬೇರೆ ಜೀನುಗಳನ್ನು ಎಬ್ಬಿಸುತ್ತದೆ. ನಿಮ್ಮ ದಾರ ಇಲ್ಲೇ ಇದೆ.

ಹೀಗೆ ಏಳುವ ಜೀನುಗಳಲ್ಲಿ ನರತಂತುಗಳಿಗೆ ಮಯಲಿನ್ ಕವಚ ಹೊದಿಸುವವೂ ಇವೆ, ನರಕೋಶಗಳು ಹುಟ್ಟಿದ ಜಾಗದಿಂದ ತಮ್ಮ ಪದರಕ್ಕೆ ವಲಸೆ ಹೋಗುವುದನ್ನು ನಡೆಸುವವೂ ಇವೆ. ಹಿಮ್ಮೆದುಳಿನ ಪುರ್ಕಿಂಜೆ ಕೋಶಗಳು ಕೊಂಬೆ ಚಾಚುವುದೂ ಇದರ ಮೇಲೆಯೇ ನಿಂತಿದೆ. ಈ ಕೆಲಸಗಳಿಗೆ ಒಂದೊಂದಕ್ಕೂ ಒಂದೊಂದು ಹೊತ್ತು ಗೊತ್ತು. ವಲಸೆಯ ಹೊತ್ತು ಮೀರಿದ ಮೇಲೆ ಹಾರ್ಮೋನು ಕೊಟ್ಟರೆ ಆ ಕೋಶ ಎದ್ದು ಸರಿಯಾದ ಪದರಕ್ಕೆ ಹೋಗುವುದಿಲ್ಲ. ಹೆಚ್ಚಿನ ಅಪಾಯ ಮೊದಲ ವಾರಗಳಲ್ಲಿ. ಆಮೇಲೆ ಅದು ಇಳಿಯುತ್ತಾ ಹೋದರೂ ಸುಮಾರು 3 ವರ್ಷದವರೆಗೆ ಔಷಧ ತಪ್ಪುವಂತಿಲ್ಲ.

ನವಜಾತ ಸ್ಕ್ರೀನಿಂಗ್ ಬರುವ ಮುಂಚಿನ ಒಂದು ಲೆಕ್ಕ ತರಗತಿಗೆ ಉಪಯೋಗವಾಗಬಹುದು. 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ: 3 ತಿಂಗಳೊಳಗೆ ಚಿಕಿತ್ಸೆ ಶುರುವಾದ ಮಕ್ಕಳ ಸರಾಸರಿ ಬುದ್ಧಿಸೂಚ್ಯಂಕ 89, 6 ತಿಂಗಳು ದಾಟಿದ ಮೇಲೆ ಶುರುವಾದವರದು 54. ಒಂದೇ ಕಾಯಿಲೆ, ಒಂದೇ ಮಾತ್ರೆ, ಬೇರೆಯಿದ್ದದ್ದು ತಾರೀಖು. ಅದೇ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಡ್ಯುಸೋ ಅವರ ತಂಡ ಶೋಧಕಾಗದದ ಒಣ ರಕ್ತದಲ್ಲೇ ಹಾರ್ಮೋನು ಅಳೆಯುವ ಕ್ರಮ ಶುರುಮಾಡಿತು. ಈಗ ಎರಡು ವಾರದೊಳಗೆ ಸರಿಯಾದ ಡೋಸು ಬಿದ್ದ ಮಕ್ಕಳಲ್ಲಿ ಬಹುಪಾಲು ಮಂದಿ ಓದು-ಆಟದಲ್ಲಿ ಓರಗೆಯವರ ಸಮಕ್ಕೇ ಇರುತ್ತಾರೆ.

ಎರಡನೆಯದು, ಕೂಸು ಚೆನ್ನಾಗಿ ಕಾಣುವುದೇಕೆ. ಕೂಸಿಗೆ ಸ್ವಂತ ಗ್ರಂಥಿ ಒಂದು ಚೂರೂ ಇಲ್ಲದಿದ್ದರೂ ತಾಯಿಯ ಟಿ4 ಮಾಸು ದಾಟಿ ಬರುತ್ತದೆ. ಹೆರಿಗೆಯ ಹೊತ್ತಿಗೆ ಅಂಥ ಕೂಸಿನ ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಸಾಮಾನ್ಯ ಮಟ್ಟದ ಮೂರನೇ ಒಂದರಿಂದ ಅರ್ಧದಷ್ಟು ಟಿ4 ಇರಬಲ್ಲದು. ತವರಿನ ಬುತ್ತಿ ಅದು, ಎರಡು ಮೂರು ವಾರಕ್ಕೆ ಖಾಲಿ. ಆಮೇಲೆ ಶುರು: ಇಳಿಯದ ಕಾಮಾಲೆ, ಮಲಬದ್ಧತೆ, ಒರಟು ದನಿಯ ಅಳು, ದಪ್ಪ ನಾಲಿಗೆ, ಹೊಕ್ಕುಳು ಉಬ್ಬುವುದು, ಹಿಂದಿನ ನೆತ್ತಿ ಅರ್ಧ ಸೆಂಟಿಮೀಟರಿಗಿಂತ ಅಗಲವಾಗಿ ತೆರೆದೇ ಇರುವುದು. "ಪಾಪ, ತುಂಬಾ ಸಾಧು ಕೂಸು, ಅಳೋದೇ ಇಲ್ಲ, ಹಾಲಿಗೂ ಎಬ್ಬಿಸಬೇಕು" ಅಂತ ಮನೆಯವರು ಮೆಚ್ಚುಗೆಯಿಂದ ಹೇಳುವುದೂ ಒಂದು ಲಕ್ಷಣವಾಗಿರಬಹುದು. ಇವೆಲ್ಲ ಕಾಣಲಿ ಅಂತ ಕಾದರೆ ಹೊತ್ತು ಮೀರಿರುತ್ತದೆ.

ಫಿಲ್ಟರ್ ಪೇಪರ್:

ಮೂರನೆಯ ಪ್ರಶ್ನೆ ಲ್ಯಾಬಿನದು.

ಗರ್ಭದ ಬಿಸುಪಿನಿಂದ ಹೊರಗಿನ ಚಳಿಗೆ ಬಂದ ಕೂಡಲೇ ಕೂಸಿನ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ ಹಾರ್ಮೋನನ್ನು ಒಮ್ಮೆಲೇ ಸುರಿಸುತ್ತದೆ. ಹುಟ್ಟಿದ ಅರ್ಧ ಗಂಟೆಯಲ್ಲಿ ಅದು ಲೀಟರಿಗೆ 60ರಿಂದ 80 ಮಿಲಿಯೂನಿಟ್‌ವರೆಗೆ ಏರಿ, ಮೊದಲ ದಿನ ದಡದಡನೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಥೈರಾಯ್ಡ್ ಕೊರತೆಯಲ್ಲೂ ಏರುವುದು ಇದೇ ಟಿಎಸ್‌ಎಚ್, ಹಾಗಾಗಿ ಆ ಹೊತ್ತಿನಲ್ಲಿ ರಕ್ತ ತೆಗೆದರೆ ಆರೋಗ್ಯವಂತ ಕೂಸೂ ಕಾಯಿಲೆಯ ಪಟ್ಟಿಗೆ ಸೇರುತ್ತದೆ. ಅದಕ್ಕೇ 48ರಿಂದ 72 ಗಂಟೆಯ ನಡುವೆ ತೆಗೆಯುವುದು. ಮೊದಲೇ ಡಿಸ್ಚಾರ್ಜ್ ಆಗುವುದಿದ್ದರೆ ಹೊರಡುವ ಮುಂಚೆ ತೆಗೆದು, ಎಷ್ಟು ಗಂಟೆಯ ಕೂಸು ಅಂತ ಕಾರ್ಡಿನ ಮೇಲೆ ಬರೆಯಲೇಬೇಕು. ಗಂಟೆ ಬರೆಯದ ಕಾರ್ಡಿನ ಅಂಕಿಗೆ ಅರ್ಥವೇ ಇಲ್ಲ.

ತೆಗೆಯುವ ಕ್ರಮ: ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಮೂರರಿಂದ ಐದು ನಿಮಿಷ ಹಿಡಿಯಿರಿ. ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಹಸಿ ಸ್ಪಿರಿಟ್ ರಕ್ತವನ್ನು ತೆಳು ಮಾಡುತ್ತದೆ. ಚುಚ್ಚುವುದು ಹಿಮ್ಮಡಿಯ ಒಳ ಅಥವಾ ಹೊರ ಅಂಚಿಗೆ. ನಟ್ಟನಡುವೆ ಚುಚ್ಚಿದರೆ ಮೂಳೆಗೆ ತಾಗುವ ಭಯ, ಆದ್ದರಿಂದ ಆಳವೂ 2 ಮಿಲಿಮೀಟರಿನ ಆಸುಪಾಸಿನಲ್ಲೇ ಇರಬೇಕು. ಮೊದಲ ಹನಿ ಒರೆಸಿ ಬಿಸಾಡಿ. ಎರಡನೆಯ ಹನಿ ದಪ್ಪವಾಗಿ ಕೂಡಿದ ಮೇಲೆ ಕಾಗದದ ವೃತ್ತಕ್ಕೆ ಒಮ್ಮೆ ಮುಟ್ಟಿಸಿ, ಹಿಂಬದಿಗೂ ಇಳಿಯುವಷ್ಟು ನೆನೆಯಲಿ.

ಕೆಡುವುದು ಇಲ್ಲೇ. ಸಾಲದೆ ಬಂತು ಅಂತ ಒಣಗಿದ ಹನಿಯ ಮೇಲೇ ಇನ್ನೊಂದು ಹನಿ ಹಾಕಿದರೆ ಅಂಕಿ ಸುಳ್ಳೇ ಏರುತ್ತದೆ. ಹಿಮ್ಮಡಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಇಳಿಯುತ್ತದೆ. ಹೆಪ್ಪುಗಟ್ಟದಂತೆ ಇಡಿಟಿಎ ರಾಸಾಯನಿಕ ಹಾಕಿದ ಟ್ಯೂಬಿನ ರಕ್ತವನ್ನು ಕಾರ್ಡಿಗೆ ಹಾಕಿದರೆ, ಯುರೋಪಿಯಂ ಎಂಬ ಲೋಹ ಬಳಸುವ ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ಬರುತ್ತದೆ, ಅಂದರೆ ಕಾಯಿಲೆಯ ಕೂಸು ಜರಡಿಯಿಂದ ಜಾರಿಹೋಗುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಕಾರ್ಡು ಅಡ್ಡಲಾಗಿ, ಒಂದರ ಮೇಲೊಂದು ಪೇರಿಸದೆ, ನೆರಳಿನಲ್ಲಿ 3-4 ಗಂಟೆ ಆರಬೇಕು. ಬಿಸಿಲು, ಹೀಟರು, ಫ್ಯಾನಿನ ಕೆಳಗಿನ ಗಾಳಿ ಬೇಡ. ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಕಳಿಸಿ.

ಅಂಕಿ ಓದುವಾಗ ಇನ್ನೊಂದು ಗುಂಡಿಯಿದೆ. ಕೆಲವು ಲ್ಯಾಬುಗಳು ಪೂರ್ಣ ರಕ್ತದ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಸೀರಂ (ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿದ್ರವ) ಲೆಕ್ಕದಲ್ಲಿ. ಟಿಎಸ್‌ಎಚ್ ಇರುವುದು ಸೀರಮ್ಮಿನಲ್ಲಿ ಮಾತ್ರ. ನವಜಾತ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಕೆಂಪುಕಣ. ಆದ್ದರಿಂದ ಪೂರ್ಣ ರಕ್ತದ ಅಂಕಿಯನ್ನು ಸುಮಾರು 2.2ರಿಂದ ಗುಣಿಸಬೇಕು. ಪೂರ್ಣ ರಕ್ತದ 18 ಅಂದರೆ ಸೀರಮ್ಮಿನ 40. ಒಂದನ್ನು ಇನ್ನೊಂದೆಂದು ಓದಿದರೆ ತುರ್ತಿನ ಕೂಸನ್ನು "ಗಡಿಯಲ್ಲಿದೆ, ನೋಡೋಣ" ಅಂತ ಮನೆಗೆ ಕಳಿಸಿದಂತೆ.

ನಾಲ್ಕನೇ ಒಂದು:

ವಂಶವಾಹಿಯ ಪ್ರಶ್ನೆಗೆ "ಹೌದು" ಅಂದರೂ ತಪ್ಪು, "ಅಲ್ಲ" ಅಂದರೂ ತಪ್ಪು.

ಹುಟ್ಟು ಥೈರಾಯ್ಡ್ ಕೊರತೆಯ ಸುಮಾರು ಶೇ. 80ರಷ್ಟು ಪ್ರಕರಣಗಳಲ್ಲಿ ಗ್ರಂಥಿ ರೂಪುಗೊಳ್ಳುವುದರಲ್ಲೇ ಎಡವಟ್ಟು ಅಂತ ಪುಸ್ತಕಗಳು ಹೇಳುತ್ತವೆ. ಭ್ರೂಣದಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ, ಅಲ್ಲಿಂದ ಕತ್ತಿಗೆ ಇಳಿದು ಬರಬೇಕು. ಕೆಲವರಲ್ಲಿ ಹುಟ್ಟುವುದೇ ಇಲ್ಲ, ಕೆಲವರಲ್ಲಿ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಇವುಗಳಲ್ಲಿ ಪಿಎಎಕ್ಸ್8, ಎನ್‌ಕೆಎಕ್ಸ್2-1, ಫಾಕ್ಸ್‌ಇ1ನಂಥ ಜೀನುಗಳ ದೋಷ ಸಿಗುವುದು ಕೆಲವೇ ಮಂದಿಯಲ್ಲಿ. ಉಳಿದದ್ದು ಮನೆತನದಲ್ಲಿ ಯಾರಿಗೂ ಇಲ್ಲದೆ ಒಬ್ಬರಲ್ಲಿ ಮಾತ್ರ ಬರುವಂಥದ್ದು.

ಇನ್ನೊಂದು ಗುಂಪಿನಲ್ಲಿ ಗ್ರಂಥಿ ಜಾಗದಲ್ಲೇ ಇದೆ, ಕೆಲವೊಮ್ಮೆ ಊದಿಯೂ ಇರುತ್ತದೆ. ಹಾರ್ಮೋನು ತಯಾರಿಸುವ ಒಂದು ಹಂತ ಕೆಟ್ಟಿದೆ. ಅಯೋಡಿನ್ ಒಳಗೆಳೆಯುವ ಪಂಪು, ಅದನ್ನು ಪ್ರೋಟೀನಿಗೆ ಅಂಟಿಸುವ ಟಿಪಿಒ ಕಿಣ್ವ, ಆ ಕಿಣ್ವಕ್ಕೆ ಬೇಕಾದ ಹೈಡ್ರೋಜನ್ ಪೆರಾಕ್ಸೈಡ್ ಒದಗಿಸುವ ಡುವಾಕ್ಸ್2, ಹಾರ್ಮೋನು ಕಟ್ಟುವ ಚೌಕಟ್ಟಾದ ಥೈರೋಗ್ಲೋಬ್ಯುಲಿನ್, ಇವುಗಳಲ್ಲಿ ಯಾವುದಾದರೂ ಒಂದು. ಇದು ಹೆಚ್ಚಾಗಿ ಅಪ್ರಬಲ ಆನುವಂಶೀಯತೆ: ತಂದೆ-ತಾಯಿ ಇಬ್ಬರೂ ವಾಹಕರು, ಇಬ್ಬರೂ ಆರೋಗ್ಯವಂತರು, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. "ಒಂದಕ್ಕೆ ಬಂದಾಯ್ತಲ್ಲ, ಇನ್ನು ಮೂರಕ್ಕೆ ಬರಲ್ಲ" ಎಂಬ ಲೆಕ್ಕ ತಪ್ಪು, ನಾಣ್ಯಕ್ಕೆ ನೆನಪಿರುವುದಿಲ್ಲ. ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದ ಮದುವೆಗಳು ಹೆಚ್ಚಿರುವ ನಮ್ಮ ಕಡೆ ಈ ಗುಂಪಿನ ಪಾಲೂ ಹೆಚ್ಚು.

ಮೇಷ್ಟ್ರಿಗೆ ತರಗತಿಯಲ್ಲಿ ಬೇಕಾದ ಅಸಲು ಒಗಟು ಬೇರೆ ಇದೆ. ಒಬ್ಬ ಹುಡುಗ. ಗ್ರಂಥಿ ಸರಿಯಿದೆ, ರಕ್ತದಲ್ಲಿ ಟಿ3 ಹೆಚ್ಚೇ ಇದೆ. ಆದರೂ ಕತ್ತು ನಿಲ್ಲುವುದಿಲ್ಲ, ಕೂರಲಾರ, ಮಾತಿಲ್ಲ. ಇದು ಮೇಲೆ ಡಾಕ್ಟ್ರು ಹೇಳಿದ ಎಂಸಿಟಿ8 ಸಾಗಣೆಯ ಜೀನು ಕೆಟ್ಟ ಅಲನ್-ಹರ್ನ್ಡನ್-ಡಡ್ಲಿ ಸಿಂಡ್ರೋಮ್. 1944ರಲ್ಲೇ ಒಂದು ಮನೆತನದಲ್ಲಿ ವರ್ಣಿಸಿದ್ದರು. ಕಾರಣ ಈ ಸಾಗಣೆ ಜೀನು ಅಂತ ಗೊತ್ತಾದದ್ದು 60 ವರ್ಷದ ಮೇಲೆ. ಬಾಗಿಲು ಮುಚ್ಚಿರುವುದರಿಂದ ಮೆದುಳಿಗೆ ಬರಗಾಲ, ಬಾಗಿಲಿನ ಹಂಗಿಲ್ಲದ ಯಕೃತ್ತು-ಹೃದಯಕ್ಕೆ ಅತಿವೃಷ್ಟಿ. ಟಿಎಸ್‌ಎಚ್ ಸಾಮಾನ್ಯವಾಗಿ ಸರಿಯಾಗಿಯೇ ಇರುವುದರಿಂದ ಹಿಮ್ಮಡಿ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಜೀನು ಎಕ್ಸ್ ವರ್ಣತಂತುವಿನ ಮೇಲಿದೆ, ಅದಕ್ಕೇ ಹುಡುಗರಲ್ಲಿ. ಟಿ4 ಮಾತ್ರೆ ಕೊಟ್ಟರೆ ಯಾಕೆ ಉಪಯೋಗವಿಲ್ಲ ಅಂತ ವಿದ್ಯಾರ್ಥಿಗಳೇ ಹೇಳಲಿ ಬಿಡಿ.

ಹೊಸ ಓದುಗ:

ಇಷ್ಟೆಲ್ಲ ಹಿಮ್ಮಡಿ ರಗಳೆ ಯಾಕೆ? ಹೆರಿಗೆಯಲ್ಲೇ ಹೊಕ್ಕುಳ ಬಳ್ಳಿಯ ರಕ್ತ ತೆಗೆದರೆ ಆಯಿತಲ್ಲ, ಕೂಸಿಗೆ ನೋವೂ ಇಲ್ಲ. ಇದೆಲ್ಲ ಅಯೋಡಿನ್ ಕೊರತೆಯಿಂದ ತಾನೇ, ಉಪ್ಪು ಸರಿಯಿದ್ದರೆ ಸಾಕಲ್ಲವೇ?

ಫಿಲ್ಟರ್ ಪೇಪರ್:

ಬಳ್ಳಿಯ ರಕ್ತ ತಪ್ಪಲ್ಲ. ಎರಡನೇ ದಿನಕ್ಕೇ ಮನೆಗೆ ಹೋಗುವ ಕಡೆ ಅದೇ ವಾಸಿ, ಏರಿಕೆ ಶುರುವಾಗುವ ಮುಂಚಿನ ರಕ್ತ ಅದು. ಆದರೆ ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ ಲೇಬಲ್ ಅದಲುಬದಲಾಗುವುದು ಹೆಚ್ಚು. ಫೀನೈಲ್‌ಕೀಟೋನೂರಿಯಾದಂಥ, ಹಾಲು ಕುಡಿದ ಮೇಲೆಯೇ ಗೊತ್ತಾಗುವ ಕಾಯಿಲೆಗಳಿಗೆ ಆ ರಕ್ತ ಬರುವುದೂ ಇಲ್ಲ. ಎರಡರಲ್ಲಿ ಯಾವುದನ್ನೇ ತೆಗೆದರೂ ಸೀರಂ ಲೆಕ್ಕದ 20 ದಾಟಿದರೆ ಮುಂದಿನ ಪರೀಕ್ಷೆ. ಹಿಮ್ಮಡಿಯದು 40 ದಾಟಿದರೆ ಮಾರನೆಯ ವಾರಕ್ಕೆ ಕಾಯುವಂತಿಲ್ಲ, ಕರೆಸಿ ಅಭಿಧಮನಿಯ ರಕ್ತ ತೆಗೆಯಬೇಕು. ಅವಧಿಗೆ ಮುಂಚೆ ಹುಟ್ಟಿದ, ಐಸಿಯುನಲ್ಲಿರುವ ಕೂಸುಗಳಲ್ಲಿ ಟಿಎಸ್‌ಎಚ್ ತಡವಾಗಿ ಏರುತ್ತದೆ. ಮೊದಲನೆಯದು ಸರಿಯಿದ್ದರೂ ಎರಡರಿಂದ ನಾಲ್ಕು ವಾರದ ನಡುವೆ ಮತ್ತೊಂದು ಕಾರ್ಡು. ರಕ್ತ ಏರಿಸುವುದಿದ್ದರೆ ಅದಕ್ಕೂ ಮುಂಚೆ ತೆಗೆದಿಡಿ.

ಹಾರ್ಮೋನು ಓಪಿಡಿ:

ಉಪ್ಪಿನ ಮಾತು ಅರ್ಧ ನಿಜ. ಗ್ರಂಥಿಯೇ ಇಲ್ಲದ ಕೂಸಿಗೆ ಅಯೋಡಿನ್ ಕೊಟ್ಟು ಏನು ಮಾಡುತ್ತೀರಿ? ಒಲೆಯೇ ಇಲ್ಲದ ಅಡುಗೆಮನೆಗೆ ಅಕ್ಕಿ ತಂದ ಹಾಗೆ. ಆದರೆ ಬಸುರಿಯ ಅಯೋಡಿನ್ ಬೇರೆ ವಿಷಯ. ಭ್ರೂಣದ ಥೈರಾಯ್ಡ್ 10-12 ವಾರಕ್ಕೆ ಅಯೋಡಿನ್ ಹಿಡಿಯಲು ಶುರುಮಾಡಿದರೂ ಹೇಳಿಕೊಳ್ಳುವಷ್ಟು ಹಾರ್ಮೋನು ಮಾಡುವುದು 18-20 ವಾರದ ಮೇಲೆ. ಅಲ್ಲಿಯವರೆಗೆ ಮೆದುಳಿಗೆ ತಾಯಿಯದೇ ಗತಿ. ತಾಯಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬೇರೆ ದೊಡ್ಡವರಿಗೆ 150 ಸಾಕು. ಉಪ್ಪಿನಲ್ಲಿ ನಮ್ಮ ಮನೆ ತಲುಪುವಾಗ 15 ಪಿಪಿಎಂ ಇರಬೇಕೆಂಬುದು ನಿಯಮ. ಅಂದರೆ 10 ಗ್ರಾಂ ಉಪ್ಪಿಗೆ 150 ಮೈಕ್ರೋಗ್ರಾಂ, ಅದರಲ್ಲೂ ಕುದಿಯುವಾಗ ಒಂದಿಷ್ಟು ಹೋಗುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರವಿಟ್ಟು, ಸಾರಿಗೆ ಇಳಿಸುವ ಹೊತ್ತಿಗೆ ಹಾಕುವುದು ಒಳ್ಳೆಯದು. ಅಯೋಡಿನ್ ಸೇರಿಸದ ಕಲ್ಲುಪ್ಪು, ಸೈಂಧವ ಲವಣ ಇವನ್ನು ಬಸುರಿನಲ್ಲಿ ಮುಖ್ಯ ಉಪ್ಪು ಮಾಡಿಕೊಳ್ಳಬೇಡಿ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಶುರುವಾದ ರಾಮಲಿಂಗಸ್ವಾಮಿ ಅವರ ತಂಡದ ಪ್ರಯೋಗ ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುತ್ತದೆ ಅಂತ ತೋರಿಸಿದ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು.

ಮೊದಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವ ಹೆಂಗಸು ಬಸುರಿ ಅಂತ ಗೊತ್ತಾದ ದಿನವೇ ವಾರಕ್ಕೆ 7ರ ಬದಲು 9 ಮಾತ್ರೆ ಮಾಡಿಕೊಂಡು ವೈದ್ಯರನ್ನು ಕಾಣುವುದು ರೂಢಿಯ ಸಲಹೆ. ಸುಮಾರು ಶೇ. 30 ಹೆಚ್ಚಾಯಿತು.

ಅತಿಯಾದ ಅಯೋಡಿನ್ ಕೂಡ ಕೆಡುಕೇ, ಇದನ್ನು ಎಷ್ಟೋ ಕಡೆ ಮರೆಯುತ್ತಾರೆ. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಹಚ್ಚಿದರೆ ಕೂಸಿನ ತೆಳು ಚರ್ಮ ಅದನ್ನು ಹೀರಿ, ಗ್ರಂಥಿ ಗಾಬರಿಗೊಂಡು ಕೆಲಸ ನಿಲ್ಲಿಸುತ್ತದೆ. ತಾತ್ಕಾಲಿಕ, ಆದರೆ ಕಾರ್ಡಿನಲ್ಲಿ ಥೇಟ್ ಹುಟ್ಟು ಕೊರತೆಯಂತೆಯೇ ಕಾಣುತ್ತದೆ.

ಪಿಯು ಮೇಷ್ಟ್ರು:

ಬಾಗಿಲಿನ ಒಗಟು ನಾಳೆಯೇ ಬೋರ್ಡಿಗೆ ಹೋಗುತ್ತದೆ. ಎರಡು ಉಳಿದಿವೆ. ಚಿಕಿತ್ಸೆಯ ಪ್ರಮಾಣ ಮತ್ತು ವಿಧಾನ. ಹಾಗೇ ನಡವಳಿಕೆಗೂ ಇದಕ್ಕೂ ನೇರ ನಂಟಿದೆಯೇ, ಅಥವಾ ಬುದ್ಧಿಸೂಚ್ಯಂಕಕ್ಕೆ ಮಾತ್ರವೇ?

ಹಾರ್ಮೋನು ಓಪಿಡಿ:

ಲೀವೋಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಟಿ4, ದಿನಕ್ಕೆ ತೂಕದ ಪ್ರತಿ ಕಿಲೋಗೆ 10ರಿಂದ 15 ಮೈಕ್ರೋಗ್ರಾಂ. 3 ಕಿಲೋ ಕೂಸಿಗೆ 37.5 ಅಂದರೆ 25ರದ್ದು ಒಂದೂವರೆ. ಕಿಲೋ ಲೆಕ್ಕಕ್ಕೆ ದೊಡ್ಡವರಿಗಿಂತ ಆರೇಳು ಪಟ್ಟು ಹೆಚ್ಚು, ಅದನ್ನು ನೋಡಿ ಅಂಗಡಿಯವರೋ ಅಜ್ಜಿಯೋ ಹೆದರಿ ಅರ್ಧ ಮಾಡಿಸುವುದುಂಟು. ಮಾಡಬಾರದು. ಗುರಿ: 2 ವಾರದಲ್ಲಿ ಟಿ4 ಸರಿಹೋಗಬೇಕು, ತಿಂಗಳಲ್ಲಿ ಟಿಎಸ್‌ಎಚ್. ಮೊದಲ ಪರೀಕ್ಷೆ 2 ವಾರಕ್ಕೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಗ್ರಂಥಿ ಇದೆಯೇ, ಎಲ್ಲಿದೆ ಅಂತ ನೋಡುವ ಸ್ಕ್ಯಾನಿಗೆ ಡೇಟ್ ಸಿಗಲಿಲ್ಲ ಅಂತ ಮಾತ್ರೆ ತಡೆಯಬೇಡಿ. ರಕ್ತ ತೆಗೆದ ದಿನವೇ ಮಾತ್ರೆ ಶುರು, ಸ್ಕ್ಯಾನ್ ಆಮೇಲಿನ ದಿನಗಳಲ್ಲಿ ಆಗಲಿ.

ಮಾತ್ರೆ ಪುಡಿ ಮಾಡಿ, ಒಂದೆರಡು ಮಿಲಿ ಎದೆಹಾಲು ಅಥವಾ ನೀರಿನಲ್ಲಿ ಕದಡಿ, ಚಮಚದಲ್ಲೋ ಒಳಲೆಯಲ್ಲೋ ಕೂಡಲೇ ಕುಡಿಸಿ, ತಳದಲ್ಲಿ ಉಳಿದದ್ದಕ್ಕೆ ಇನ್ನೊಂದು ಹನಿ ಹಾಕಿ ಅದನ್ನೂ ಕುಡಿಸಿ. ಬಾಟಲಿ ತುಂಬ ಹಾಲಿಗೆ ಬೆರೆಸಿದರೆ ಕೂಸು ಅರ್ಧ ಬಿಟ್ಟಾಗ ಡೋಸೂ ಅರ್ಧ. ವಾರಕ್ಕಾಗುವಷ್ಟು ಕದಡಿಟ್ಟರೆ ಸತ್ವ ಹೋಗುತ್ತದೆ. ಕಬ್ಬಿಣದ ಹನಿ, ಕ್ಯಾಲ್ಸಿಯಂ, ಸೋಯಾ ಹಾಲಿನ ಪುಡಿ ಇವು ಔಷಧವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ನಡುವೆ 4 ಗಂಟೆ ಅಂತರ ಬೇಕು. ಬಜೆ ತೇಯ್ದು ನೆಕ್ಕಿಸುವ ಮನೆಗಳಲ್ಲಿ ಮಾತ್ರೆಯನ್ನು ಅದೇ ಬಟ್ಟಲಿಗೆ ಹಾಕದಂತೆ ಹೇಳಿ. ಬಯೋಟಿನ್ ಎಂಬ ವಿಟಮಿನ್ ಕೊಡುತ್ತಿದ್ದರೆ ಲ್ಯಾಬಿಗೆ ತಿಳಿಸಲೇಬೇಕು, ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಇಳಿಸಿ ತೋರಿಸುತ್ತದೆ.

ನಡವಳಿಕೆಗೆ ಬರೋಣ. ಡೋಸು ಹೆಚ್ಚಾದ ಕೂಸು ನಿದ್ದೆಗೆಟ್ಟು ರಚ್ಚೆ ಹಿಡಿಯುತ್ತದೆ. ಬಹುಕಾಲ ಹೆಚ್ಚಾದರೆ ನೆತ್ತಿಯ ಮೂಳೆಗಳು ಬೇಗ ಬೆಸೆದುಕೊಳ್ಳುತ್ತವೆ. ಹುಟ್ಟುವ ಮುಂಚೆಯೇ ತೀವ್ರ ಕೊರತೆ ಇದ್ದವರಲ್ಲಿ, ಬೇಗ ಚಿಕಿತ್ಸೆ ಸಿಕ್ಕರೂ, ಗಮನ, ನೆನಪು, ಜಾಗ-ದಿಕ್ಕಿನ ಗ್ರಹಿಕೆಯಲ್ಲಿ ಸಣ್ಣ ಕೊರತೆಗಳು ಉಳಿಯಬಹುದು. ಗರ್ಭದಲ್ಲೇ ಎಷ್ಟು ಕೊರತೆಯಿತ್ತು ಅಂತ ಮಂಡಿಯ ಎಕ್ಸ್‌ರೇ ಹೇಳುತ್ತದೆ: ತಿಂಗಳು ತುಂಬಿ ಹುಟ್ಟಿದ ಕೂಸಿನ ತೊಡೆಮೂಳೆಯ ಕೆಳತುದಿಯಲ್ಲಿ ಕಾಣಬೇಕಾದ ಮೂಳೆಬಿಂದು ಕಾಣುವುದಿಲ್ಲ. ನೇರ ನಂಟು ಬೇಕೆಂದರೆ ಥೈರಾಯ್ಡ್ ಗ್ರಾಹಕದ ಬೀಟಾ ಜೀನು ನೋಡಿ. ಅದು ಕೆಟ್ಟವರಲ್ಲಿ ರಕ್ತದ ಹಾರ್ಮೋನು ಹೆಚ್ಚು, ಟಿಎಸ್‌ಎಚ್ ಇಳಿಯುವುದಿಲ್ಲ, ಮಕ್ಕಳಲ್ಲಿ ಚಂಚಲತೆ, ಗಮನ ನಿಲ್ಲದಿರುವುದು ಬಹಳ ಸಾಮಾನ್ಯ. ಹಾಗಂತ ಗಮನ ನಿಲ್ಲದ ಪ್ರತಿ ಮಗುವಿಗೂ ಈ ಜೀನು ಹುಡುಕುವುದು ದುಡ್ಡು ದಂಡ, ಇದು ಬಲು ಅಪರೂಪ.

3 ವರ್ಷ ತುಂಬಿದ ಮೇಲೆ, ತಾತ್ಕಾಲಿಕವಿರಬಹುದು ಅನ್ನುವವರಲ್ಲಿ ಮಾತ್ರ, ವೈದ್ಯರು ನಾಲ್ಕು ವಾರ ಮಾತ್ರೆ ನಿಲ್ಲಿಸಿ ರಕ್ತ ನೋಡುತ್ತಾರೆ. ಗ್ರಂಥಿಯೇ ಇಲ್ಲ ಅಂತ ಸ್ಕ್ಯಾನಿನಲ್ಲಿ ಕಂಡವರಿಗೆ ಈ ಪರೀಕ್ಷೆ ಬೇಡ.

ಪಿಯು ಮೇಷ್ಟ್ರು:

ಒಬ್ಬ ವಿದ್ಯಾರ್ಥಿನಿ ಕೇಳಿಯೇ ಕೇಳುತ್ತಾಳೆ: ತದ್ರೂಪಿ ಅವಳಿಗಳಲ್ಲಿ ಒಬ್ಬಳಿಗೆ ಇದ್ದರೆ ಇನ್ನೊಬ್ಬಳಿಗೂ ಇರಲೇಬೇಕಲ್ಲವೇ?

ನಾಲ್ಕನೇ ಒಂದು:

ಹಾರ್ಮೋನು ತಯಾರಿಕೆಯ ದೋಷವಾದರೆ ಹೌದು, ಇಬ್ಬರಿಗೂ. ಗ್ರಂಥಿ ರೂಪುಗೊಳ್ಳದ ಬಗೆಯಾದರೆ ಅಲ್ಲ. ತದ್ರೂಪಿಗಳಲ್ಲೂ ಬಹುತೇಕ ಒಬ್ಬರಿಗೆ ಮಾತ್ರ ಇರುತ್ತದೆ. ಅದೇ ಜೀನುಗಳು, ಅದೇ ಗರ್ಭ, ಆದರೂ ಒಬ್ಬಳ ಗ್ರಂಥಿ ಕತ್ತಿಗೆ ಇಳಿಯಿತು, ಇನ್ನೊಬ್ಬಳದು ನಾಲಿಗೆಯ ಬುಡದಲ್ಲೇ ನಿಂತಿತು. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ರಕ್ತವೂ ಬೆರೆತಿರುವುದರಿಂದ, ಕೊರತೆಯಿರುವವಳ ಮೊದಲ ಕಾರ್ಡು ತಂಗಿಯ ಹಾರ್ಮೋನಿನ ದೆಸೆಯಿಂದ ಸರಿಯಾಗಿಯೇ ಬರಬಹುದು. ಆದ್ದರಿಂದ ಅವಳಿಗಳಿಗೆ ಎರಡು ವಾರಕ್ಕೆ ಮತ್ತೆ ಹಿಮ್ಮಡಿ ಚುಚ್ಚಬೇಕು, ಇಬ್ಬರಿಗೂ.